ಕ್ಲೈಮ್ಯಾಕ್ಸಿಗೆ ಕರೆಂಟ್ ಹೋದಾಗ...

ನಮ್ಮೂರಲ್ಲಿ ಸಿನಿಮಾದ ಕ್ಲೈಮ್ಯಾಕ್ಸಿಗೂ ಕರೆಂಟಿಗೂ ಹಳೇ ದ್ವೇಷ ಇತ್ತು. ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಶುರುವಾಗುತ್ತಿತ್ತು. ಇಡೀ ಬೀದಿಗೆ ಇದ್ದದ್ದು ಎರಡೇ ಟೀವಿ. ನಾವು ಹುಡುಗರೆಲ್ಲ ಪಕ್ಕದ ಮನೆಯ ಹಾಲಿನಲ್ಲಿ ನೆಲದ ಮೇಲೆ, ದೊಡ್ಡವರು ಬೆಂಚಿನ ಮೇಲೆ. ಹೀರೋ ಇನ್ನೇನು ವಿಲನ್ನಿನ ಅಡ್ಡೆಗೆ ನುಗ್ಗಬೇಕು, ಆಗ ಫಟ್ ಅಂತ ಕತ್ತಲೆ! ಮಳೆಗಾಲದಲ್ಲಂತೂ ಇದು ಗ್ಯಾರಂಟಿ. ಆಮೇಲೆ ಸೋಮವಾರ ಶಾಲೆಯಲ್ಲಿ ಕರೆಂಟ್ ಹೋಗದ ಊರಿನಿಂದ ಬರುವ ಹುಡುಗರನ್ನು ಹಿಡಿದು ಕಥೆ ಕೇಳುವುದು. ಅವರೋ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು!

ಹಾಗಾಗಿ 'ದ ಸೊಪ್ರಾನೋಸ್' ಸೀರಿಯಲ್ಲಿನ ಕೊನೆಯ ದೃಶ್ಯ ನೋಡಿದಾಗ ಅಮೆರಿಕದವರಷ್ಟು ಗಾಬರಿ ನನಗೆ ಆಗಲಿಲ್ಲ ಅಂತ ಕಾಣುತ್ತೆ. 2007ರ ಜೂನ್ 10ರಂದು ಅದರ ಕೊನೆಯ ಕಂತು ಬಂತು. ಮಾಫಿಯಾ ಮುಖ್ಯಸ್ಥ ಟೋನಿ ಸೊಪ್ರಾನೊ ಹೆಂಡತಿ ಮಗನ ಜೊತೆ ಒಂದು ಸಣ್ಣ ಹೋಟೆಲಿನಲ್ಲಿ ಕೂತು ಈರುಳ್ಳಿ ಬಜ್ಜಿಯಂಥದ್ದೇನೋ ತಿನ್ನುತ್ತಿದ್ದಾನೆ. ಮಗಳು ಹೊರಗೆ ಕಾರು ಪಾರ್ಕ್ ಮಾಡಲು ಒದ್ದಾಡುತ್ತಿದ್ದಾಳೆ. ಬಾಗಿಲಿನ ಗಂಟೆ ಕಿಣಿ ಅನ್ನುತ್ತೆ, ಟೋನಿ ತಲೆ ಎತ್ತುತ್ತಾನೆ... ಅಷ್ಟೇ. ಕಪ್ಪು ಪರದೆ. ಹಾಡು ಕೂಡ ಅರ್ಧಕ್ಕೇ ಕಟ್. 86 ಕಂತು, ಎಂಟು ವರ್ಷ ನೋಡಿದವರಿಗೆ ಕೊಟ್ಟ ಮುಕ್ತಾಯ ಇದು. ಕೇಬಲ್ ಹೋಯಿತು ಅಂದುಕೊಂಡು ಟೀವಿಗೆ ತಟ್ಟಿದವರು, ಕೇಬಲ್‌ನವರಿಗೆ ಫೋನ್ ಹಚ್ಚಿ ಬೈದವರು ಎಷ್ಟೋ ಜನ. ಟೋನಿ ಸತ್ತನಾ, ಬದುಕಿದನಾ ಅಂತ ಇವತ್ತಿಗೂ ಜಗಳ ನಿಂತಿಲ್ಲ.

(ಮುಂದೆ ಓದುವ ಮುಂಚೆ ಒಂದು ಮಾತು: ಇಲ್ಲಿ ಕಥೆಗಳ ಗುಟ್ಟೆಲ್ಲ ಬಿಟ್ಟುಕೊಡುತ್ತೇನೆ. ನೋಡಬೇಕು ಅಂತಿರುವವರು ನೋಡಿಕೊಂಡು ಬನ್ನಿ, ನಾನೆಲ್ಲೂ ಹೋಗಲ್ಲ.)

ಇಂಥ ಸೀರಿಯಲ್ಲುಗಳನ್ನು ನನಗೆ ಅಂಟಿಸಿದವನು ಬೆಂಗಳೂರಿನ ನನ್ನ ರೂಮ್‌ಮೇಟ್, ಹುಬ್ಬಳ್ಳಿಯವನು. ಅವನ ಹಾರ್ಡ್‌ಡಿಸ್ಕಿನಲ್ಲಿ ಇಲ್ಲದ್ದು ಅಂತ ಇರಲಿಲ್ಲ. ಒಂದು ಶನಿವಾರ ರಾತ್ರಿ, "ಲೇ, ಇದನ್ನ ನೋಡಲೇ. ತಲಿ ಕೆಟ್ಟು ಮೊಸರ ಆಗ್ತದ" ಅಂತ ಹೇಳಿ 'ಟ್ವಿನ್ ಪೀಕ್ಸ್' ಹಾಕಿ ತಾನು ಹೊದ್ದು ಮಲಗಿಬಿಟ್ಟ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಇಬ್ಬರೂ ಸೇರಿ ಮಾಡಿದ ಸೀರಿಯಲ್. 1990ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು.

ನಾನು ಕೂತಿದ್ದು ಕೊಲೆಗಾರನನ್ನು ಹಿಡಿಯುವುದಕ್ಕೆ. ಹೇಳಿಕೇಳಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಲೈಬ್ರರಿಯಿಂದ ತಂದು ತಂದು ಓದಿದವನು. ಕ್ಯಾರೆಟ್ ಕಡಿಯುವ ಕರಮ್‌ಚಂದ್‌ನನ್ನು ಟೀವಿಯಲ್ಲಿ ನೋಡಿ ಅಮ್ಮನ ಹತ್ತಿರ ಕ್ಯಾರೆಟ್ಟಿಗೆ ದುಂಬಾಲು ಬಿದ್ದವನು. ಹೆಣ ಬಿದ್ದ ಐದು ನಿಮಿಷಕ್ಕೆ ಪತ್ತೇದಾರ ಬರಬೇಕು, ಹತ್ತು ನಿಮಿಷಕ್ಕೆ ಮೊದಲ ಸುಳಿವು ಸಿಗಬೇಕು. ಅದು ನನಗೆ ಗೊತ್ತಿದ್ದ ಲೆಕ್ಕ.

ಟ್ವಿನ್ ಪೀಕ್ಸಿನ ಮೊದಲ ಕಂತಿನಲ್ಲೂ ಹೆಣ ಬೇಗನೇ ಸಿಗುತ್ತೆ. ನದಿ ದಂಡೆಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಲಾರಾ ಪಾಮರ್ ಅನ್ನುವ ಹೈಸ್ಕೂಲ್ ಹುಡುಗಿ. ಆದರೆ ಆಮೇಲೆ ಆಗುವುದೇ ಬೇರೆ. ಫೋಟೋ ತೆಗೆಯಲು ಬಂದ ಪೊಲೀಸಿನವನೇ ಗಳಗಳ ಅಳುತ್ತಾನೆ. ಲಾರಾಳ ಅಮ್ಮ ಮಗಳನ್ನು ಹುಡುಕುತ್ತಾ ಗಂಡನಿಗೆ ಫೋನ್ ಮಾಡಿದ್ದಾಳೆ. ಅವನು ಮಾತಾಡುತ್ತಿರುವಾಗಲೇ ಶೆರಿಫ್ ಎದುರು ಬಂದು ನಿಲ್ಲುತ್ತಾನೆ. ಅಪ್ಪನ ಕೈಯಿಂದ ರಿಸೀವರ್ ಜಾರುತ್ತೆ. ಕ್ಯಾಮೆರಾ ಯಾರ ಮುಖವನ್ನೂ ನೋಡದೆ ಫೋನಿನ ವಯರು ಹಿಡಿದು ಮೆಲ್ಲಗೆ ಕೆಳಗಿಳಿಯುತ್ತೆ. ನೇತಾಡುವ ರಿಸೀವರಿನೊಳಗಿಂದ ಆ ತಾಯಿಯ ಚೀರಾಟ... ನಾನು ಹೆಡ್‌ಫೋನ್ ತೆಗೆದುಬಿಟ್ಟೆ.

ಆಮೇಲೆ ಶಾಲೆ. ಹಾಜರಿ ಕರೆಯುತ್ತಿದ್ದಾರೆ. ಪೊಲೀಸಿನವನು ಬಂದು ಟೀಚರ್ ಕಿವಿಯಲ್ಲಿ ಏನೋ ಹೇಳುತ್ತಾನೆ. ಹೊರಗೆ ಅಂಗಳದಲ್ಲಿ ಒಬ್ಬಳು ಹುಡುಗಿ ಚೀರುತ್ತಾ ಓಡಿಹೋಗುತ್ತಾಳೆ. ಲಾರಾಳ ಗೆಳತಿ ಅವಳ ಖಾಲಿ ಡೆಸ್ಕನ್ನು ನೋಡುತ್ತಾಳೆ, ಯಾರೂ ಏನೂ ಹೇಳದೆಯೇ ಅವಳಿಗೆ ಗೊತ್ತಾಗಿಬಿಡುತ್ತೆ. ಮೈಕಿನಲ್ಲಿ ಸಾವಿನ ಸುದ್ದಿ ಹೇಳಲು ನಿಂತ ಹೆಡ್‌ಮಾಸ್ಟರ್ ಹೇಳಿ ಮುಗಿಸಿದವರೇ ಬಿಕ್ಕಿಬಿಕ್ಕಿ ಅಳುತ್ತಾರೆ.

ಆ ಖಾಲಿ ಡೆಸ್ಕು ನೋಡಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಭಯಕ್ಕಲ್ಲ. ಅಂಥದ್ದೊಂದು ಬೆಂಚು ನನಗೆ ಗೊತ್ತಿತ್ತು.

ಅದೇ 1990, ಮಳೆಗಾಲ. ನಾನು ಎಂಟನೇ ಕ್ಲಾಸು. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಒಂದು ಸಂಜೆ ಮನೆಗೆ ಹೋಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಕೆರೆಯಲ್ಲಿ ಸಿಕ್ಕಿದಳು. ಅವಳ ಹೆಸರು ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವಳದು 18ನೇ ನಂಬರು, ನನ್ನದು 19. ಸೈಕಲ್ಲು ಏರಿಯ ಮೇಲೆ ಬಿದ್ದಿತ್ತು. ಕಾಲು ಜಾರಿ ಬಿದ್ದಳು ಅಂತ ಕೆಲವರು, ತಾನೇ ಹಾರಿದಳು ಅಂತ ಕೆಲವರು, ಇನ್ನು ಕೆಲವರು ದನಿ ತಗ್ಗಿಸಿ ಬೇರೆ ಇನ್ನೇನೋ. ಪೊಲೀಸರು ಮಹಜರು ಮಾಡಿ ಆಕಸ್ಮಿಕ ಅಂತ ಬರೆದುಕೊಂಡು ಹೋದರು. ಶಾಲೆಗೆ ಒಂದು ದಿನ ರಜೆ ಕೊಟ್ಟರು. ಮಾರನೇ ದಿನದಿಂದ ಪಾಠ.

ನಾನೇನು ಮಾಡಿದೆ ಗೊತ್ತಾ? ಎರಡು ಗೆರೆ ಕಾಪಿ ಪುಸ್ತಕದ ಹಿಂದಿನ ಪುಟಗಳಲ್ಲಿ 'ಸುಳಿವುಗಳು' ಅಂತ ತಲೆಬರಹ ಹಾಕಿ ಪಟ್ಟಿ ಮಾಡತೊಡಗಿದೆ. ಒಂದು: ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಎರಡು: ಚಪ್ಪಲಿ ಒಂದೇ ಸಿಕ್ಕಿತ್ತು. ಮೂರು: ಎರಡು ದಿನ ಮುಂಚೆ ಸೈಕಲ್ ಶಾಪಿನ ಹುಡುಗನ ಹತ್ತಿರ ನಿಂತು ನಗುತ್ತಾ ಮಾತಾಡುತ್ತಿದ್ದಳು, ಅದನ್ನು ಸ್ವತಃ ನಾನೇ ನೋಡಿದ್ದೆ. ಆ ಹುಡುಗ ಬೇರೆ ಊರಿನವನು, ಅಂಗಡಿಯವರ ದೂರದ ನೆಂಟ, ಹದಿನೆಂಟು ವರ್ಷ ಇರಬಹುದು. ಗಾಳಿ ಹೊಡೆದದ್ದಕ್ಕೆ ಹುಡುಗಿಯರ ಹತ್ತಿರ ದುಡ್ಡು ತಗೊಳ್ಳುತ್ತಿರಲಿಲ್ಲ. ಪುರುಷೋತ್ತಮನಿಗೆ ಇಷ್ಟು ಸಾಕಲ್ಲ! ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾಲ್ಕೈದು ಜನರನ್ನು ಸೇರಿಸಿಕೊಂಡು ಕೇಸ್ ಬಿಡಿಸಿಟ್ಟೆ. ಎಲ್ಲರೂ ಬಾಯಿ ಬಿಟ್ಟು ಕೇಳಿದರು. ಆವತ್ತಿನಷ್ಟು ಮರ್ಯಾದೆ ಆ ಶಾಲೆಯಲ್ಲಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ವಾರದೊಳಗೆ ಆ ಕಥೆ ಹೋಟೆಲು, ಹಾಲಿನ ಡೇರಿ, ದೇವಸ್ಥಾನದ ಕಟ್ಟೆ ಎಲ್ಲ ಸುತ್ತಿ ದೊಡ್ಡವರ ಬಾಯಿಂದ ನಮ್ಮ ಮನೆಗೇ ವಾಪಸು ಬಂತು. ಯಾರು ಶುರು ಮಾಡಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ರಾತ್ರಿ ಯಾರೋ ನಾಲ್ಕು ಜನ ಆ ಹುಡುಗನಿಗೆ ಹೊಡೆದರು. ಪೊಲೀಸರು ಕರೆದೊಯ್ದು ಒಂದು ಹಗಲು ಕೂರಿಸಿಕೊಂಡು ಏನೂ ಇಲ್ಲ ಅಂತ ಬಿಟ್ಟರು. ಬಿಟ್ಟ ದಿನವೇ ಅವನು ಬಸ್ಸು ಹತ್ತಿ ಹೋದ. ಮತ್ತೆ ಬರಲಿಲ್ಲ. ನಾನು ಆ ಪುಟಗಳನ್ನು ಹರಿದು ಬಚ್ಚಲೊಲೆಗೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಹದಿನೇಳು ವರ್ಷ ಕಳೆದ ಮೇಲೆ ಬೆಂಗಳೂರಿನ ರೂಮಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಕೂತಾಗ ಇದೆಲ್ಲ ಎದುರಿಗೆ ಬಂತು. ನಮ್ಮ ಶಾಲೆಯಲ್ಲಿ ಯಾರೂ ಅತ್ತದ್ದು ನನಗೆ ನೆನಪಿಲ್ಲ. ಅಳುವ ಮೊದಲೇ ನಾವೆಲ್ಲ 'ಯಾರು' ಅಂತ ಕೇಳತೊಡಗಿದ್ದೆವು.

ಮರುದಿನ ಮತ್ತೆ ಲ್ಯಾಪ್‌ಟಾಪ್ ತೆರೆದೆ. ಒಂದು ವಾರದಲ್ಲಿ ಎರಡೂ ಸೀಸನ್ನಿನ 30 ಕಂತು ಮುಗಿಸಿದೆ. ಮೊದಮೊದಲು ನನಗೂ ರೂಮ್‌ಮೇಟ್ ಹೇಳಿದ ಹಾಗೇ ತಲೆ ಮೊಸರಾಯಿತು. ಕೂಪರ್ ಅನ್ನುವ ಎಫ್‌ಬಿಐ ಅಧಿಕಾರಿ ಕಾಫಿ ಕುಡಿದು ಸ್ವರ್ಗ ಕಂಡವನಂತೆ ಖುಷಿಪಡುತ್ತಾನೆ. ಒಬ್ಬ ಹೆಂಗಸು ಮರದ ದಿಮ್ಮಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಅದು ಹೇಳಿದ್ದನ್ನು ಊರಿಗೆ ಹೇಳುತ್ತಾಳೆ. ಕೂಪರ್ ಕನಸಿನಲ್ಲಿ ಕೆಂಪು ಪರದೆಗಳ ಕೋಣೆಯೊಂದು ಬರುತ್ತೆ. ಅಲ್ಲಿ ಒಬ್ಬ ಕುಳ್ಳ ಕುಣಿಯುತ್ತಾನೆ. ಅಲ್ಲಿನ ಮಾತು ವಿಚಿತ್ರ, ಯಾಕೆಂದರೆ ನಟರಿಂದ ಸಂಭಾಷಣೆಯನ್ನು ತಿರುಗಾಮುರುಗಾ ಹೇಳಿಸಿ ರೆಕಾರ್ಡ್ ಮಾಡಿ, ಅದನ್ನು ಮತ್ತೆ ಉಲ್ಟಾ ಓಡಿಸಿದ್ದಾರೆ. ಭಾಷೆ ಗೊತ್ತಿರುವುದೇ, ಆದರೆ ಉಸಿರು ಬೇರೆ ಯಾವುದೋ ಲೋಕದ್ದು. ಲಾರಾ ಅವನ ಕಿವಿಯಲ್ಲಿ ಕೊಂದವರ ಹೆಸರು ಹೇಳುತ್ತಾಳೆ. ಎದ್ದವನೇ ಶೆರಿಫ್‌ಗೆ ಫೋನ್ ಮಾಡಿ ಕೊಲೆಗಾರ ಯಾರು ಅಂತ ಗೊತ್ತಾಯಿತು, ಬೆಳಿಗ್ಗೆವರೆಗೂ ಕಾಯಿರಿ ಅನ್ನುತ್ತಾನೆ. ಬೆಳಿಗ್ಗೆ ನೋಡಿದರೆ ಮರೆತೇಹೋಗಿದೆ!

ನನಗೆ ಆಗ ನಗು ಬಂದಿತ್ತು. ಆಮೇಲೆ ಬರಲಿಲ್ಲ. ಯಾಕೆಂದರೆ ಕೊಂದವನು ಅವಳ ಅಪ್ಪ. ಬಾಬ್ ಅನ್ನುವ ದುಷ್ಟಶಕ್ತಿ ಮೈಯಲ್ಲಿ ಹೊಕ್ಕಿತ್ತು ಅಂತ ಸೀರಿಯಲ್ಲು ಹೇಳುತ್ತೆ. ಆದರೆ ಮನೆಯೊಳಗೇ, ವರ್ಷಗಟ್ಟಲೆ, ಮಗಳ ಕೋಣೆಯ ಕಿಟಕಿಯಿಂದ ಬರುತ್ತಿದ್ದವನು ಅಪ್ಪನ ಮೈಯಲ್ಲೇ ಬರುತ್ತಿದ್ದ. ಇಂಥದ್ದನ್ನು ಗೊತ್ತಿದ್ದೂ ಊರು ಮರೆಯುತ್ತೆ, ಮನೆ ಮರೆಯುತ್ತೆ. ಕೂಪರ್ ಬೆಳಗ್ಗೆ ಮರೆತ ಹಾಗೆ. ಇದನ್ನು ಬೂಟಿನ ಗುರುತು, ಬೆರಳಚ್ಚು, ಸಿಗರೇಟು ತುಂಡು ಇಟ್ಟುಕೊಂಡು ಹೇಳಲು ಆಗುತ್ತಾ? ಲಿಂಚ್‌ಗೆ ಕನಸು ಬೇಕಾಗಿದ್ದು ಅದಕ್ಕೇ ಅಂತ ನನಗನ್ನಿಸುತ್ತೆ. ಹಗಲಿನಲ್ಲಿ ಬಾಯಿಗೆ ಬಾರದ್ದು ಕೆಂಪು ಕೋಣೆಯಲ್ಲಿ ಉಲ್ಟಾ ಮಾತಾಗಿ ಬರುತ್ತೆ. 'ಅರ್ಥವಾಗಲ್ಲ' ಅಂತ ಇಂಥವನ್ನು ದೂರ ಇಡುವವರಿಗೆ ನಾನು ಹೇಳುವುದು ಇಷ್ಟೇ: ಅರ್ಥ ಆಮೇಲೆ ನೋಡೋಣ, ಎದೆ ಭಾರವಾಯಿತೋ ಇಲ್ಲವೋ ಅದನ್ನು ಹೇಳಿ.

ಈ ಗುಟ್ಟನ್ನು ಬಿಟ್ಟುಕೊಡಲು ಲಿಂಚ್‌ಗೆ ಇಷ್ಟವೇ ಇರಲಿಲ್ಲ. ಚಾನೆಲ್ಲಿನ ಒತ್ತಡಕ್ಕೆ ಎರಡನೇ ಸೀಸನ್ನಿನ ನಡುವೆಯೇ, 1990ರ ನವೆಂಬರಿನಲ್ಲಿ ಹೇಳಬೇಕಾಯಿತು. ಚಿನ್ನದ ಮೊಟ್ಟೆಯಿಡುವ ಪಕ್ಷಿಯ ಕತ್ತು ಕೊಯ್ದಂತಾಯಿತು ಅನ್ನುವ ಅರ್ಥದಲ್ಲಿ ಆಮೇಲೆ ಹೇಳಿಕೊಂಡಿದ್ದರು. ಉತ್ತರ ಸಿಕ್ಕ ಮೇಲೆ ಜನ ಎದ್ದು ಹೋದರು, 1991ರ ಜೂನ್ 10ಕ್ಕೆ ಸೀರಿಯಲ್ಲು ನಿಂತಿತು. (ಹೌದು, ಸೊಪ್ರಾನೋಸ್ ಮುಗಿದದ್ದೂ ಜೂನ್ 10ಕ್ಕೇ, ಹದಿನಾರು ವರ್ಷದ ನಂತರ. ಕಾಕತಾಳೀಯ ಅಂತೀರಾ? ನಾನೂ ಹಾಗೇ ಅಂದುಕೊಳ್ಳುತ್ತೇನೆ, ಬಿಡಿ.)

ಮುಂದಿನ ವರ್ಷ ಲಿಂಚ್ ಮತ್ತೆ ಬಂದರು, 'ಫೈರ್ ವಾಕ್ ವಿತ್ ಮಿ' ಸಿನಿಮಾ ಹಿಡಿದು. ಸೀರಿಯಲ್ಲಿನ ಮುಂದುವರಿದ ಕಥೆ ಬೇಕಿತ್ತು ಜನರಿಗೆ. ಅವರು ಕೊಟ್ಟದ್ದು ಲಾರಾ ಸಾಯುವ ಮುಂಚಿನ ಏಳು ದಿನ. ಎರಡು ಸೀಸನ್ ಪೂರ್ತಿ ಒಂದು ಫೋಟೋ, ಒಂದು ಹೆಣ, ಒಂದು ಪ್ರಶ್ನೆಯಾಗಿದ್ದ ಹುಡುಗಿ ಇಲ್ಲಿ ನಗುತ್ತಾಳೆ, ಹೆದರುತ್ತಾಳೆ, ಸುಳ್ಳು ಹೇಳುತ್ತಾಳೆ, ಗೆಳತಿಯನ್ನು ಕಾಪಾಡಲು ನೋಡುತ್ತಾಳೆ. ಆವತ್ತು ವಿಮರ್ಶಕರು ಇದನ್ನು ಹಿಗ್ಗಾಮುಗ್ಗಾ ಬೈದರು, ದುಡ್ಡೂ ಬರಲಿಲ್ಲ. ನನ್ನ ಪಾಲಿಗೆ ಲಿಂಚ್ ಮಾಡಿದ ಅತ್ಯಂತ ಧೈರ್ಯದ ಕೆಲಸ ಇದೇ. ಲಾರಾ ಪಾತ್ರ ಮಾಡಿದ ಶೆರಿಲ್ ಲೀಯನ್ನು ಮೊದಲು ಕರೆದದ್ದು ಬರೀ ಹೆಣವಾಗಿ ಮಲಗುವುದಕ್ಕಂತೆ. ಆ ಹೆಣವನ್ನು ಎಬ್ಬಿಸಿ ನಿಲ್ಲಿಸಿ, ಇಗೋ ಇವಳು ಹೀಗಿದ್ದಳು ನೋಡಿ ಅಂದರು.

ಸೊಪ್ರಾನೋಸ್ ಮಾಡಿದ ಡೇವಿಡ್ ಚೇಸ್‌ರದ್ದು ಬೇರೆ ದಾರಿ. ಅಲ್ಲಿ ಕೊಲೆಗಾರನನ್ನು ಹುಡುಕುವ ಕೆಲಸವೇ ಇಲ್ಲ, ಅವನೇ ಹೀರೋ. 1999ರ ಮೊದಲ ಸೀಸನ್ನಿನ ಐದನೇ ಕಂತು 'ಕಾಲೇಜ್' ನೋಡಿ. ಟೋನಿ ಮಗಳನ್ನು ಕಾಲೇಜು ತೋರಿಸಲು ಊರೂರು ಕರೆದೊಯ್ಯುತ್ತಾನೆ. ಎಷ್ಟು ಒಳ್ಳೆ ಅಪ್ಪ ಅನ್ನಿಸುತ್ತೆ. ನಡುವೆ ಹಳೇ ದ್ರೋಹಿಯೊಬ್ಬ ಕಣ್ಣಿಗೆ ಬೀಳುತ್ತಾನೆ. ಮಗಳನ್ನು ಇಂಟರ್‌ವ್ಯೂಗೆ ಬಿಟ್ಟು ಹೋಗಿ ತನ್ನ ಕೈಯಾರೆ ಕುತ್ತಿಗೆಗೆ ವಯರು ಬಿಗಿದು ಅವನನ್ನು ಕೊಲ್ಲುತ್ತಾನೆ. ವಾಪಸು ಬಂದು ಮಗಳನ್ನು ಹತ್ತಿಸಿಕೊಳ್ಳುತ್ತಾನೆ. ಜನ ಈ ಟೋನಿಯನ್ನು ದ್ವೇಷಿಸಿಬಿಡುತ್ತಾರೆ ಅಂತ ಚಾನೆಲ್ಲಿನವರು ಹೆದರಿದ್ದರಂತೆ. ಜನ ಏನು ಮಾಡಿದರು? ಇನ್ನೂ ಹೆಚ್ಚು ಇಷ್ಟಪಟ್ಟರು! ನಾನೂ ಅವರಲ್ಲೊಬ್ಬ. ಮುಂದೆ 2004ರಲ್ಲಿ ಏಡ್ರಿಯಾನಾ ಅನ್ನುವ ಪಾಪದ ಹುಡುಗಿಯನ್ನು ಕಾರಿನಲ್ಲಿ ಕಾಡಿಗೆ ಕರೆದೊಯ್ದು ಕೊಲ್ಲುವ ಕಂತು ಬರುತ್ತೆ. ಅವಳು ಒಣಗಿದ ಎಲೆಗಳ ಮೇಲೆ ತೆವಳುತ್ತಾ ಪರದೆಯಿಂದ ಆಚೆ ಹೋಗುತ್ತಾಳೆ. ಗುಂಡಿನ ಸದ್ದಷ್ಟೇ ಕೇಳುತ್ತೆ, ಸಾವನ್ನು ತೋರಿಸುವುದಿಲ್ಲ. ಎಷ್ಟೋ ಹೆಣ ಕಣ್ಣು ಮಿಟುಕಿಸದೆ ನೋಡಿದ್ದ ನಾನು ಕಾಣದ ಈ ಒಂದು ಸಾವಿಗೆ ಅವತ್ತು ಊಟ ಬಿಟ್ಟೆ.

ನನ್ನ ಹೆಂಡತಿಗೆ ಇದ್ಯಾವುದೂ ಹಿಡಿಸುವುದಿಲ್ಲ. "ಕೊಲೆ, ರಕ್ತ, ಕೆಟ್ಟ ಮಾತು. ಮಲಗೋ ಹೊತ್ತಲ್ಲಿ ಅದನ್ನ ನೋಡಿ ಏನು ಸುಖ ಇದೆ ರೀ ನಿಮಗೆ?" ಅಂತಾಳೆ. ನ್ಯಾಯವಾದ ಪ್ರಶ್ನೆ. ಬೋಲ್ಡ್ ಅನ್ನುವ ಹಣೆಪಟ್ಟಿ ಹಚ್ಚಿಕೊಂಡು ಬರುವ ಮುಕ್ಕಾಲು ಪಾಲು ಸರಕು ಅವಳು ಹೇಳುವ ಹಾಗೇ ಇರುತ್ತೆ. ಹೆಣ ಎಷ್ಟು ಭೀಕರ ಅಂತ ತೋರಿಸುವುದು ಧೈರ್ಯ ಅಲ್ಲ. ಆ ಹೆಣಕ್ಕೆ ಒಂದು ಮನೆ ಇತ್ತು, ಒಂದು ಬೆಂಚು ಇತ್ತು ಅಂತ ತೋರಿಸುವುದಕ್ಕೆ ಧೈರ್ಯ ಬೇಕು, ಯಾಕೆಂದರೆ ನೋಡುವವನು ಚಾನೆಲ್ ಬದಲಾಯಿಸಿಬಿಡಬಹುದು.

ಇದೆಲ್ಲ ಇಂಗ್ಲಿಷಿನವರ ಹುಚ್ಚು, ನಮ್ಮ ಜನಕ್ಕಲ್ಲ ಅನ್ನುವವರಿಗೂ ಒಂದು ಮಾತು. 1985ರಲ್ಲೇ ತೇಜಸ್ವಿಯವರು 'ಚಿದಂಬರ ರಹಸ್ಯ' ಬರೆದರು. ಮಲೆನಾಡಿನ ಕೆಸರೂರು. ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಜೋಗಿಹಾಳರ ಸಾವು, ಅದನ್ನು ಕೆದಕಲು ಬರುವ ಅಂಗಾಡಿ. ಪತ್ತೇದಾರಿ ಅಂತ ಕೈಗೆತ್ತಿಕೊಂಡರೆ ಇಡೀ ಊರಿನ ಜಾತಿ, ದ್ವೇಷ, ಗುಮಾನಿ, ಕಳ್ಳತನ ಎಲ್ಲ ಹೊರಬೀಳುತ್ತೆ, ಕೊನೆಗೆ ಕಾಡಿನ ಬೆಂಕಿ ಬಂದು ಪ್ರಶ್ನೆಯನ್ನೂ ಊರನ್ನೂ ಒಟ್ಟಿಗೇ ನುಂಗುತ್ತೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೂಡ ಬಂತು. ಕಾಡು, ಮಂಜು, ಸಣ್ಣ ಊರು, ಒಂದು ಸಾವು, ಹೊರಗಿಂದ ಬಂದ ಅಧಿಕಾರಿ... ಟ್ವಿನ್ ಪೀಕ್ಸ್ ನೋಡುವಾಗ ನಾನು ಎಷ್ಟೋ ಸಲ ಕೆಸರೂರಿನಲ್ಲೇ ಇದ್ದೆ. ಊರೇ ಗುಮಾನಿಯ ಮೇಲೆ ಬದುಕುವುದು ಹೇಗೆ ಅಂತ ತೇಜಸ್ವಿಗೆ ಗೊತ್ತಿತ್ತು. ಆ ಪುಸ್ತಕ ಎಂಟನೇ ಕ್ಲಾಸಿಗೆ ಮುಂಚೆ ನನ್ನ ಕೈಗೆ ಸಿಕ್ಕಿದ್ದರೆ ಅಂತ ಅನ್ನಿಸುತ್ತೆ. ಸಿಕ್ಕಿದ್ದರೂ ಅದರಲ್ಲಿ ಕೊಲೆಗಾರನನ್ನೇ ಹುಡುಕುತ್ತಿದ್ದೆನೋ ಏನೋ.

2017ರಲ್ಲಿ, ಇಪ್ಪತ್ತೈದು ವರ್ಷದ ಮೇಲೆ ಟ್ವಿನ್ ಪೀಕ್ಸ್ ಮತ್ತೆ ಬಂತು. 18 ಕಂತು. ಎಂಟನೆಯದರಲ್ಲಿ ಲಿಂಚ್ ನಮ್ಮನ್ನು 1945ರ ನ್ಯೂ ಮೆಕ್ಸಿಕೋದ ಅಣುಬಾಂಬ್ ಪರೀಕ್ಷೆಯ ಬೆಂಕಿಮೋಡದ ಒಳಗೇ ಕರೆದೊಯ್ದರು. ಮಾತಿಲ್ಲ, ಕಥೆಯಿಲ್ಲ. ಕೊನೆಯ ಕಂತಿನಲ್ಲಿ, ವಯಸ್ಸಾದ ಕೂಪರ್ ಲಾರಾಳಂತೆಯೇ ಇರುವ ಹೆಂಗಸನ್ನು ಕರೆದುಕೊಂಡು ಅವಳ ತಾಯಿಮನೆಗೆ ಬರುತ್ತಾನೆ. ಹಿಂದಿನ ಕಾಲಕ್ಕೇ ಹೋಗಿ ಅವಳನ್ನು ಸಾವಿನಿಂದ ತಪ್ಪಿಸಿದೆ ಅಂದುಕೊಂಡಿದ್ದಾನೆ ಪಾಪ. ಬಾಗಿಲು ತೆಗೆದವರು ಯಾರೋ. ಪಾಮರ್ ಅನ್ನುವ ಹೆಸರೇ ಅವರು ಕೇಳಿಲ್ಲ. ರಸ್ತೆಯಲ್ಲಿ ನಿಂತು ಇದು ಯಾವ ಇಸವಿ ಅಂತ ಕೇಳುತ್ತಾನೆ. ದೂರದಿಂದ ತಾಯಿ ಲಾರಾ ಅಂತ ಕೂಗಿದ ಹಾಗೆ ಕೇಳಿಸುತ್ತೆ. ಅವಳು ಚೀರುತ್ತಾಳೆ. ಮನೆಯ ದೀಪಗಳೆಲ್ಲ ಫಟ್ ಅಂತ ಆರುತ್ತವೆ.

ಅಲ್ಲೂ ಕರೆಂಟ್ ಹೋಯಿತು ಕಣ್ರೀ!

ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು. ಆಮೇಲೆ ಒಂದು ಸಲ ಊರಿಗೆ ಹೋದಾಗ ಅಮ್ಮನ ಹತ್ತಿರ ಕೇಳಿದೆ, "ಅಮ್ಮಾ, ಕೆರೆಯಲ್ಲಿ ಸಿಕ್ಕಿದ್ಲಲ್ಲ ನಮ್ಮ ಕ್ಲಾಸಿನ ಹುಡುಗಿ, ನೆನಪಿದ್ಯಾ?" ಸೈಕಲ್ ಶಾಪಿನ ವಿಷಯವನ್ನೂ ಹೇಳಿಬಿಟ್ಟೆ, ಮೊದಲ ಸಲ. ಅಮ್ಮ ಸ್ವಲ್ಪ ಹೊತ್ತು ಅವರೆಕಾಯಿ ಬಿಡಿಸುತ್ತಲೇ ಇದ್ದಳು. ನನ್ನನ್ನು ಬಯ್ಯಲಿಲ್ಲ. ಆಮೇಲೆ ಹೇಳಿದಳು: "ಅವಳ ತಾಯಿ ಒಂದ್ಸಲ ಸಂತೇಲಿ ಸಿಕ್ಕಿದ್ರು. ಎಲ್ಲರೂ ಬಂದು ಹೇಗಾಯ್ತು ಹೇಗಾಯ್ತು ಅಂತ ಕೇಳಿದ್ರು, ಶಾಲೇಲಿ ನನ್ನ ಮಗಳು ಹೇಗಿದ್ಲು ಅಂತ ಒಬ್ರೂ ಬಂದು ಹೇಳಲಿಲ್ಲ ಅಂದ್ರು. ನೀನಾದ್ರೂ ಹೋಗಿ ಹೇಳಬಹುದಿತ್ತು ಕಣೋ."

ಆ ತಾಯಿ ಈಗ ಇಲ್ಲ. ಸೈಕಲ್ ಶಾಪಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಆ ಹುಡುಗ ಎಲ್ಲಿದ್ದಾನೋ, ಈಗ ಅವನಿಗೂ ಐವತ್ತು ದಾಟಿರಬೇಕು. ಅವನು ಸಿಕ್ಕಿದರೆ ಏನು ಹೇಳುವುದು ಅಂತ ನನಗೆ ಇನ್ನೂ ತಿಳಿದಿಲ್ಲ.

ಆದ್ದರಿಂದ ಇಲ್ಲಿ ಬರೆದಿಡುತ್ತೇನೆ, ತಡವಾಗಿ. 18ನೇ ನಂಬರಿನವಳು ಹಾಜರಿಗೆ 'ಎಸ್ ಸಾರ್' ಅನ್ನುವ ಬದಲು ಬರೀ 'ಸಾರ್' ಅನ್ನುತ್ತಿದ್ದಳು, ಅಷ್ಟು ಅವಸರ. ಗಣಿತದಲ್ಲಿ ಕೈ ಎತ್ತುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದಳು. ನೋಟ್ ಪುಸ್ತಕದ ಅಂಚಿನ ತುಂಬ ಚುಕ್ಕಿ ಇಟ್ಟು ರಂಗೋಲಿ ಬಿಡಿಸುತ್ತಿದ್ದಳು. ಒಂದು ಸಲ ಪರೀಕ್ಷೆಯಲ್ಲಿ ನನಗೆ ಕೈವಾರ ಕೊಟ್ಟಿದ್ದಳು, ನಾನು ವಾಪಸು ಕೊಡಲು ಮರೆತಿದ್ದೆ. ಅವಳು ಹೋದ ಮೇಲೆ ಸುಮಾರು ದಿನ ಮೇಷ್ಟ್ರು ರೂಢಿಯ ಮೇಲೆ "ಹದಿನೆಂಟು" ಅಂತ ಕರೆದು, ಒಂದು ಕ್ಷಣ ತಡೆದು, "ಹತ್ತೊಂಬತ್ತು" ಅನ್ನುತ್ತಿದ್ದರು. ನಾನು ಎದ್ದು ನಿಲ್ಲುತ್ತಿದ್ದೆ.

ನನ್ನ 'ಸುಳಿವುಗಳು' ಪಟ್ಟಿಯಲ್ಲಿ ಇದ್ಯಾವುದೂ ಇರಲಿಲ್ಲ.

ನಿಮಗೂ ಇಂಥ ಸಿನಿಮಾ, ಸೀರಿಯಲ್ಲುಗಳ ಹುಚ್ಚಿದ್ದರೆ ಯಾವುದು ನಿಮ್ಮನ್ನು ಹೀಗೆ ಕಾಡಿತು ಅಂತ ಹೇಳಿ, ಕೇಳಲು ನನಗಿಷ್ಟ. ಟೋನಿ ಸತ್ತನಾ ಅಂತ ಮಾತ್ರ ಕೇಳಬೇಡಿ. ಕರೆಂಟ್ ಹೋಯಿತು, ನಾನೂ ನೋಡಲಿಲ್ಲ.